ಜೀರಿಗೆ ಜಿ, ಸೀಗೇಕಾಯಿ ಸಿ

ನಿನ್ನೆ ರಾತ್ರಿಯಿಂದ ನನ್ನ ಲ್ಯಾಪ್‌ಟಾಪ್ ಒಳಗಿರೋ ಕಂಪ್ಯೂಟರ್ ನನ್ನನ್ನ ಕಳ್ಳ ಅಂತಿದೆ. ಬಲಗಡೆ ಮೂಲೇಲಿ ಸಣ್ಣಕ್ಷರದಲ್ಲಿ, ಈ ವಿಂಡೋಸ್ ಅಸಲಿ ಅಲ್ಲ ಅಂತ. ಜೋರಾಗಿ ಬೈದಿದ್ರೆ ತಿರುಗಿಸಿ ಬೈಬಹುದಿತ್ತು, ಇದು ಮೂಲೇಲಿ ನಿಂತು ಗೊಣಗೋ ಜಾತಿ.

ಲ್ಯಾಪ್‌ಟಾಪ್ ಒಳಗೆ ಇನ್ನೊಂದು ಕಂಪ್ಯೂಟರ್ ಹೇಗೆ ಬಂತು ಅಂದ್ರೆ, ಸಾಗರದ ಮನೇಲಿ ಅಪ್ಪನ ಹಳೇ ಕಂಪ್ಯೂಟರ್ ಈ ಮಳೆಗಾಲದ ಸಿಡಿಲಿಗೆ ಹೋಯ್ತು, ಮದರ್‌ಬೋರ್ಡ್ ಸುಟ್ಟಿದ್ರೂ ಹಾರ್ಡ್‌ಡಿಸ್ಕ್ ಮಾತ್ರ ಹೇಗೋ ಉಳ್ಕೊಂಡಿತ್ತು, ಅದನ್ನ ಟವೆಲ್‌ನಲ್ಲಿ ಸುತ್ತಿ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬೆಂಗಳೂರಿಗೆ ತಂದೆ. ಅದರ ಇಮೇಜ್, ಅಂದ್ರೆ ಪೂರ್ತಿ ನಕಲು, ಮಾಡಿ, ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್ ವರ್ಚುವಲ್‌ಬಾಕ್ಸ್‌ಗೆ ಹಾಕಿದ್ರೆ ಎರಡು ಸಲ ನೀಲಿ ಪರದೆ ಬಂತು, ಡಿಸ್ಕ್ ಜೋಡಿಸೋ ರೀತೀನ ಸಾಟಾ ಬದ್ಲು ಐಡಿಇ ಅಂತ ಬದಲಾಯಿಸಿದ ಮೇಲೆ ವಿಂಡೋಸ್ 7 ಎದ್ದು ಕೂತ್ಕೊಂಡ್ತು. ಒಳಗೆ ಅಪ್ಪನ ಡೆಸ್ಕ್‌ಟಾಪ್ ಇದ್ದ ಹಾಗೇ ಇದೆ, ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರಲ್ಲಿ ಬರೆದ ಅಡಿಕೆ ಲೆಕ್ಕ, ಕೊಳೆರೋಗದ ಔಷಧಿ ಲೆಕ್ಕ, ಯಾರಿಗೋ ಬರೆದು ಕಳಿಸದೇ ಇಟ್ಟ ಕಾಗದ. ಹಳೇ ನುಡಿ ಫೈಲನ್ನ ಯೂನಿಕೋಡ್‌ಗೆ ಬದಲಾಯಿಸ್ಕೋಬಹುದಲ್ಲ ಅಂತ ನೀವು ಹೇಳ್ತೀರ, ಗೊತ್ತು, ನಂಗೆ ಫೈಲಲ್ಲ ಬೇಕಾಗಿದ್ದು, ಅವ್ರು ಕೂತು ಎದ್ದು ಹೋದ ಜಾಗ ಹಾಗೇ ಬೇಕಿತ್ತು.

ಆದ್ರೆ ವಿಂಡೋಸ್‌ಗೆ ಅನುಮಾನ. ಒಂದ್ಸಲ ಆಕ್ಟಿವೇಟ್ ಆದಾಗ, ಅಂದ್ರೆ ಅಸಲಿ ಅಂತ ಒಪ್ಕೊಂಡಾಗ, ಅದು ಪ್ರೊಸೆಸರ್ರು, ಡಿಸ್ಕು, ನೆಟ್‌ವರ್ಕ್ ಕಾರ್ಡು ಎಲ್ಲ ನೋಡಿ ಒಂದು ಜಾತಕ ಬರೆದಿಟ್ಕೊಂಡಿರತ್ತೆ. ವರ್ಚುವಲ್ ಮಷೀನಲ್ಲಿ ಇವೆಲ್ಲಾ ಬೇರೆ, ಜಾತಕ ಕೂಡಿ ಬರ್ಲಿಲ್ಲ. ಮೂರು ದಿನ ಟೈಮ್ ಕೊಡ್ತು, ನಾನು ಆಮೇಲೆ ನೋಡೋಣ ಅಂದೆ, ನಿನ್ನೆಗೆ ಮೂರು ದಿನ ಮುಗೀತು. ಇನ್ನು ಉಳಿದಿದ್ದು ವಿಂಡೋಸ್ ಲೈಸೆನ್ಸಿನ ಕೀ ಹಾಕೋದು, 25 ಅಕ್ಷರ, ಅದಿರೋದು ಹಳೇ ಕಂಪ್ಯೂಟರ್ ಡಬ್ಬದ ಬೆನ್ನ ಮೇಲಿನ ಸ್ಟಿಕರ್ ಮೇಲೆ, ಡಬ್ಬ ಇರೋದು ಸಾಗರದ ಅಟ್ಟದಲ್ಲಿ, ಅಟ್ಟದ ಕೆಳಗೆ ಇರೋದು ಅಮ್ಮ.

ಅಮ್ಮ ರಿಟೈರ್ಡ್ ಕನ್ನಡ ಟೀಚರ್. ಫೋನ್ ತಗೊಂಡು ಅಟ್ಟ ಹತ್ತಿದ್ಲು. ಟಾರ್ಚ್ ಇರೋದೂ ಅದೇ ಫೋನಲ್ಲಿ, ಹಾಗಾಗಿ ಸ್ಟಿಕರ್ ಕಂಡಾಗ ಅವಳ ದನಿ ಕೇಳಲ್ಲ, ದನಿ ಕೇಳಿದಾಗ ಅವಳಿಗೆ ಸ್ಟಿಕರ್ ಕಾಣಲ್ಲ.

"ಜಿ."

"ಜಿ ನಾ ಜೆ ನಾ ಅಮ್ಮ?"

"ಜಿ ಕಣೋ, ಜೀರಿಗೆ ಜಿ."

"ಜೀರಿಗೆಗೆ ಜೆ ಬರತ್ತಮ್ಮ."

"ಜೀರಿಗೆಗೆ ಜೀ ಬರತ್ತೆ. ಜ ಅಕ್ಷರಕ್ಕೆ ಈ ದೀರ್ಘ ಕೊಟ್ರೆ ಜೀ. ಮೂವತ್ತೆರಡು ವರ್ಷ ಕಾಗುಣಿತ ಕಲಿಸಿದೀನಿ, ನಂಗೆ ಹೇಳಿಕೊಡ್ಬೇಡ."

ಮುಂದಿನದು ಸೀಗೇಕಾಯಿ ಸಿ. ಆಮೇಲೆ ರೇಷನ್ ಅಂಗಡಿ ಕ್ಯೂ. ಎಕ್ಸ್ ಬಂದಾಗ ಸ್ವಲ್ಪ ಹೊತ್ತು ಸುಮ್ನಾಗಿ, "ತಪ್ಪು ಉತ್ತರಕ್ಕೆ ಹಾಕ್ತೀವಲ್ಲ, ಆ ಗುರುತು" ಅಂದ್ಲು. ಡಬ್ಲ್ಯೂನ "ಎರಡು ವಿ" ಅಂದ್ಲು, ನಾನು ಎರಡು ವಿ ಒತ್ತಿದೆ, ಕೊನೆಗೆ 26 ಅಕ್ಷರ ಆಗಿ ಒಂದಕ್ಕೆ ಜಾಗನೇ ಇಲ್ಲ, ಮತ್ತೆ ಮೊದಲಿಂದ. "ಎರಡು ವಿ ಅಂಟ್ಕೊಂಡಿದ್ವು, ನೀನು ಕೇಳ್ಲಿಲ್ಲ" ಅಂತ ನಂದೇ ತಪ್ಪು.

ಈ ಕೀ ಮಾಡಿದವರು ಬುದ್ಧಿವಂತರೇ, ಸೊನ್ನೆ ಓ ಗೊಂದಲ ಆಗತ್ತೆ ಅಂತ ಎರಡನ್ನೂ ಬಿಟ್ಟಿದಾರೆ, ಐದು ಮತ್ತು ಎಸ್ ಬಿಟ್ಟಿದಾರೆ, ಒಂದು ಮತ್ತು ಐ ಬಿಟ್ಟಿದಾರೆ, ಆದ್ರೆ ಬಿ ಮತ್ತು ಎಂಟನ್ನ ಅದ್ಯಾಕೋ ಎರಡೂ ಇಟ್ಕೊಂಡಿದಾರೆ. ಹದಿನಾಲ್ಕು ವರ್ಷದ ಹೊಗೆ ಕುಡಿದ ಸ್ಟಿಕರಲ್ಲಿ ಅದನ್ನ ಹುಡುಕ್ಬೇಕು. "ಸೊಂಟ ಕಾಣ್ತಿದೆ, ಬೆನ್ನು ನೆಟ್ಟಗಿದ್ಯೋ ಬಾಗಿದ್ಯೋ ಗೊತ್ತಾಗ್ತಿಲ್ಲ" ಅಂದ್ಲು. ಸೆರಗಿಂದ ಒರೆಸ್ತೀನಿ ಇರು ಅಂದ್ಲು, ನಾನು ಬೇಡ ಬೇಡ ಅಂತ ಕಿರುಚಿದ್ದಕ್ಕೆ ಪಕ್ಕದ ರೂಮಿಂದ ಹೆಂಡತಿ ಎದ್ದು ಬಂದ್ಲು.

ಮೂರನೇ ಸಲ ಪೂರ್ತಿ ಓದಿ ಮುಗಿಸಿದ ಮೇಲೆ ಅಮ್ಮ ಕೇಳಿದ್ಲು, "ಅಲ್ಲ ಪುಟ್ಟಾ, ಇದೇನೋ ಬರೀ ವ್ಯಂಜನ. ಒಂದಾದ್ರೂ ಸ್ವರ ಇಲ್ವಲ್ಲೋ?" ನಿಜ, ಈ ಕೀಗಳಲ್ಲಿ ಸ್ವರಾನೇ ಇರಲ್ಲ. ಇಷ್ಟು ವರ್ಷ ಕಂಪ್ಯೂಟರ್ ಕೆಲಸ ಮಾಡ್ಕೊಂಡು ನಾನು ಗಮನಿಸೇ ಇರ್ಲಿಲ್ಲ.

ಕೊನೆಗೂ ಕೀ ಕೂತ್ಕೊಂಡ್ತು. ಉತ್ತರ ಬಂತು, ಈ ಕೀ ಆಗ್ಲೇ ಬೇರೆ ಕಂಪ್ಯೂಟರಲ್ಲಿ ಬಳಕೇಲಿದೆ ಅಂತ. ಬೇರೆ ಕಂಪ್ಯೂಟರ್ ಅಂದ್ರೆ ಅಮ್ಮ ಈಗ ತಾನೇ ಟಾರ್ಚ್ ಬಿಟ್ಟು ನೋಡಿದ ಅದೇ ಸುಟ್ಟ ಡಬ್ಬ! ಅಂಗಡಿಯವನು ಕೊಟ್ಟಿದ್ದು ಓಇಎಂ ಲೈಸೆನ್ಸ್ ಅಂತೆ, ಅಂದ್ರೆ ಒಂದೇ ಕಂಪ್ಯೂಟರಿಗೆ ಅಂಟಿದ್ದು, ಅದು ಮದರ್‌ಬೋರ್ಡ್ ಜೊತೆಗೇ ಸಹಗಮನ ಮಾಡತ್ತೆ. ಫೋನಲ್ಲಿ ಆಕ್ಟಿವೇಟ್ ಮಾಡೋ ದಾರಿ ತೆಗೆದ್ರೆ ಪರದೆ ತುಂಬ ಆರಾರು ಅಂಕಿಯ ಒಂಬತ್ತು ಗುಂಪು. 54 ಅಂಕಿ. "ಅದನ್ನೂ ಬೇಕಾದ್ರೆ ನಾನೇ ಓದ್ತೀನಿ" ಅಂದ್ಲು ಅಮ್ಮ, ಅದು ಇಲ್ಲಿ ನನ್ನೆದುರಿಗೇ ಇದೆ ಅಂತ ಹೇಳಿ ವಿಂಡೋ ಮುಚ್ಚಿದೆ.

ಉರಿಯೋದು ಇದಕ್ಕಲ್ಲ. 2011ರಲ್ಲಿ ನಮ್ಮ ಕೇರೀಲಿ ಕಂಪ್ಯೂಟರ್ ಇದ್ದವರೆಲ್ಲ ಒಂದೇ ಕಾಪಿ ಡಿಸ್ಕನ್ನ ಒಗ್ಗರಣೆ ಸೌಟಿನ ಹಾಗೆ ಮನೆಮನೆಗೆ ತಿರುಗಿಸ್ತಿದ್ರು. ಅಪ್ಪ ಒಬ್ರೇ ಅಂಗಡಿಯವನ ಹತ್ರ ಒರಿಜಿನಲ್ ಹಾಕಿ, ಬಿಲ್ ಕೊಡಿ ಅಂತ ಹಟ ಹಿಡಿದು ಕೂತಿದ್ದು, ಅವನು ನಕ್ಕಿದ್ದು ನಂಗೆ ನೆನಪಿದೆ, ನಂಗೂ ನಾಚಿಕೆ ಆಗಿತ್ತು. ಆ ಬಿಲ್ಲನ್ನ ಪಹಣಿ ಇಡೋ ಫೈಲಲ್ಲಿ ಇಟ್ಟಿದ್ರು. ಇವತ್ತು ಆ ಮನುಷ್ಯನ ಕಂಪ್ಯೂಟರಿಗೇ ಅಸಲಿ ಅಲ್ಲ ಅಂತ ಬರ್ತಿದೆ.

ಗಂಟೆಗೊಂದ್ಸಲ ವಾಲ್‌ಪೇಪರ್ ಬೇರೆ ಕಪ್ಪಾಗತ್ತೆ. ಅಪ್ಪ ಹಾಕಿದ್ದು ಕೊಟ್ಟಿಗೆ ಮುಂದೆ ನಿಂತ ಕರು ಫೋಟೋ, ಅವ್ರೇ ತೆಗೆದಿದ್ದು, ಎಡಗಡೆ ಮೂಲೇಲಿ ಮಬ್ಬಾಗಿ ಅವ್ರ ಹೆಬ್ಬೆರಳು ಬಂದಿದೆ. ಕಪ್ಪಾದಾಗೆಲ್ಲ ನಾನು ಮತ್ತೆ ಹಾಕ್ತೀನಿ, ಹೆಬ್ಬೆರಳು ಇದ್ಯಾ ನೋಡ್ತೀನಿ, ಆಫೀಸ್ ಕೆಲಸಕ್ಕೆ ವಾಪಸ್ ಹೋಗ್ತೀನಿ. ಬೆಳಿಗ್ಗೆಯಿಂದ ಏಳು ಸಲ ಆಯ್ತು.

ಈಗ ತಾನೇ ಅಮ್ಮ ಫೋನ್ ಮಾಡಿದ್ಲು. "ಪುಟ್ಟಾ, ಬಿಲ್ ಸಿಕ್ತು ಕಣೋ, ಪಹಣಿ ಫೈಲಲ್ಲೇ ಇತ್ತು. ಮೇಲ್ಗಡೆ ಉದ್ದಕ್ಕೆ ಏನೋ ನಂಬರಿದೆ. ಓದ್ತೀನಿ, ಬರ್ಕೋ."