ಕೇಳಿದ್ದು ಯಾವ ಊರಿನ ರೇಡಿಯೋದಲ್ಲಿ?

ನೆದರ್ಲೆಂಡ್ಸ್‌ನ ವಿಶ್ವವಿದ್ಯಾಲಯವೊಂದರ ರಿಸೀವರನ್ನು ಇಂಟರ್ನೆಟ್ಟಿನಲ್ಲಿ ಟ್ಯೂನ್ ಮಾಡಿ, ಅಲ್ಲಿ ಸಿಕ್ಕಿದ ಸ್ಟೇಷನ್ನಿಗೆ "ನಿಮ್ಮ ಪ್ರಸಾರ ಶಿವಮೊಗ್ಗದಲ್ಲಿ ಸ್ಪಷ್ಟವಾಗಿ ಕೇಳಿಸಿತು" ಅಂತ ವರದಿ ಬರೆದು ಕ್ಯೂಎಸ್‌ಎಲ್ ಕಾರ್ಡ್ ತರಿಸಿಕೊಳ್ಳೋದು ತಪ್ಪು. ರೇಡಿಯೋ ಕೇಳೋ ಹವ್ಯಾಸಿಗಳಲ್ಲಿ ಈ ವಿಷಯಕ್ಕೆ ಜಗಳವೇ ಇದೆ. ನಾನು ಯಾವ ಕಡೆ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ, ಕಾರಣ ಆಮೇಲೆ.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಎರಡು ಮಾತು. ದೂರದ ಸ್ಟೇಷನ್‌ಗಳನ್ನು ಹುಡುಕಿ ಹಿಡಿಯೋದಕ್ಕೆ ಡಿಎಕ್ಸಿಂಗ್ ಅಂತಾರೆ. ಹ್ಯಾಮ್‌ಗಳ ಹಾಗೆ ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡು ಮಾತಾಡೋ ಕೆಲಸ ಇಲ್ಲಿಲ್ಲ, ಬರೀ ಕೇಳೋದು. ಯಾವ ಫ್ರೀಕ್ವೆನ್ಸಿ, ಎಷ್ಟು ಹೊತ್ತಿಗೆ, ಕಾರ್ಯಕ್ರಮದಲ್ಲಿ ಏನೇನು ಬಂತು ಅಂತ ಬರೆದು ಕಳಿಸಿದರೆ ಸ್ಟೇಷನ್ನಿನವರು ತಾಳೆ ನೋಡಿ, "ಹೌದು, ನೀವು ಕೇಳಿದ್ದು ನಮ್ಮನ್ನೇ" ಅಂತ ಕಾರ್ಡ್ ಕಳಿಸ್ತಾರೆ. ಅದೇ ಕ್ಯೂಎಸ್‌ಎಲ್. ಹೊತ್ತು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿರಬೇಕು, ಅಂದ್ರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೀಬೇಕು. ಸಿಗ್ನಲ್ಲಿನ ಬಲ, ಪಕ್ಕದ ಸ್ಟೇಷನ್ನಿನ ಅಡ್ಡಿ, ಗದ್ದಲ, ದಾರಿಯಲ್ಲಾದ ಏರಿಳಿತ, ಒಟ್ಟಾರೆ ಗುಣ, ಈ ಐದಕ್ಕೂ 1ರಿಂದ 5ರವರೆಗೆ ಅಂಕ ಕೊಡಬೇಕು. ಇದಕ್ಕೆ ಸಿನ್‌ಪೋ ಅಂತ ಹೆಸರು.

"ಫೋನಲ್ಲೇ ಎಲ್ಲಾ ದೇಶದ ರೇಡಿಯೋ ಬರುತ್ತಲ್ಲ" ಅಂತ ಕೇಳೋರಿದ್ದಾರೆ. ಬರುತ್ತೆ, ನಾನೂ ಕೇಳ್ತೀನಿ. ಆದರೆ ಫೋನಲ್ಲಿ ಸಿಗೋದು ಕಾರ್ಯಕ್ರಮ ಮಾತ್ರ, ಅದು ಬಂದ ದಾರಿ ಸಿಗಲ್ಲ. ಹಗಲಲ್ಲಿ ನನ್ನ ಸೆಟ್ಟಿನ ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್‌ನ ಧಾರವಾಡ, ಅದರ ಜೊತೆಗೆ ಒಂದೆರಡು, ಅಷ್ಟೇ. ಸಂಜೆ ಏಳಾದ ಮೇಲೆ ಅದೇ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೂ ಸಾಕು, ತಮಿಳು, ತೆಲುಗು, ಹಿಂದಿ, ಒಮ್ಮೊಮ್ಮೆ ಅರಬ್ಬೀ ಒಂದರ ಮೇಲೊಂದು ಬಂದು ಬೀಳುತ್ತೆ. ವಾತಾವರಣದ ಮೇಲ್ಭಾಗದ ಅಯಾನುಗೋಳದಲ್ಲಿ ಕೆಳಗಿರೋ ಡಿ ಪದರ ಹಗಲೆಲ್ಲ ಮೀಡಿಯಂ ವೇವನ್ನು ನುಂಗಿ ಹಾಕಿರುತ್ತೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಮೇಲಿನ ಎಫ್ ಪದರಕ್ಕೆ ತಾಗಿದ ತರಂಗ ವಾಪಸ್ ನೆಲಕ್ಕಿಳಿಯುತ್ತೆ. ಇದನ್ನ ಪಾಠದಲ್ಲಿ ಓದೋದು ಬೇರೆ, ಮನೆಯಲ್ಲಿ ಕೂತು ಕಿವಿಯಾರೆ ಕೇಳೋದು ಬೇರೆ. ಹನ್ನೊಂದು ವರ್ಷದ ಸೌರಕಲೆಗಳ ಚಕ್ರದ ಜೊತೆಗೇ ಶಾರ್ಟ್‌ವೇವ್‌ನ ಮೇಲಿನ ಬ್ಯಾಂಡ್‌ಗಳು ತೆರೆಯುತ್ತವೆ, ಮುಚ್ಚುತ್ತವೆ.

ಇವತ್ತು ಈ ಹವ್ಯಾಸಕ್ಕೆ ನಿಜವಾದ ಶತ್ರು ಇಂಟರ್ನೆಟ್ ಅಲ್ಲವೇ ಅಲ್ಲ, ಮನೆಯೊಳಗಿನ ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರು, ಇನ್‌ವರ್ಟರು, ಸೋಲಾರ್ ಪೆಟ್ಟಿಗೆ, ಎಲ್ಲದರೊಳಗೂ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸೋ ಸರ್ಕಿಟ್ ಇದೆ. ಅದರಿಂದ ಹೊರಟ ಗರಗರ ಶಾರ್ಟ್‌ವೇವ್ ತುಂಬಾ ಹರಡುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋದ ಕ್ಷಣ ರೇಡಿಯೋ ಹಾಕಿ ನೋಡಬೇಕು. ಅಷ್ಟು ಹೊತ್ತೂ ಗೋಡೆಯ ಹಾಗೆ ಅಡ್ಡ ನಿಂತಿದ್ದ ಸದ್ದು ಪಟ್ಟನೆ ಬಿದ್ದುಹೋಗಿ, ಅದರ ಹಿಂದಿದ್ದ ಸ್ಟೇಷನ್ ಎದ್ದು ಬರುತ್ತೆ. ನಮ್ಮ ಮನೆಯಲ್ಲಿ ನಾನು ಎಲ್ಲಾ ಎಂಸಿಬಿ ಇಳಿಸಿ, ಬ್ಯಾಟರಿ ಸೆಟ್ ಕೈಯಲ್ಲಿ ಹಿಡಿದು, ಒಂದೊಂದನ್ನೇ ಮತ್ತೆ ಎತ್ತುತ್ತಾ ಬಂದೆ. ಕಳ್ಳ ಸಿಕ್ಕಿದ್ದು ಜಗಲಿಯ ಬಲ್ಬಿನಲ್ಲಿ. ಅದನ್ನು ಬದಲಿಸಿದ ಮೇಲೆ ಶಾರ್ಟ್‌ವೇವ್‌ನ 31 ಮೀಟರ್ ಬ್ಯಾಂಡ್ ಮತ್ತೆ ಕೇಳೋ ಹಾಗಾಯ್ತು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರೋರು ಇಡೀ ಕಟ್ಟಡದ ಬಲ್ಬು ಬದಲಿಸೋಕಾಗಲ್ಲ, ತಂತಿ ಕಟ್ಟೋಕೆ ಜಾಗವೂ ಇರಲ್ಲ. ಅಂಥವರಿಗೆ ನೆದರ್ಲೆಂಡ್ಸ್‌ನ ಎನ್‌ಸ್ಕೆಡೆಯ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್, ಊರೂರಲ್ಲಿ ಹವ್ಯಾಸಿಗಳೇ ಇಟ್ಟಿರೋ ಕಿವಿಎಸ್‌ಡಿಆರ್ ಅನ್ನೋ ಇಂಟರ್ನೆಟ್ ರಿಸೀವರುಗಳು ದೊಡ್ಡ ವರ. ನಾನೂ ಬಳಸ್ತೀನಿ. ನನ್ನ ಸೆಟ್ಟಿನಲ್ಲಿ ಸಣ್ಣಗೆ ಕೇಳಿಸಿದ ಭಾಷೆ ಯಾವುದು ಅಂತ ತಿಳಿಯದಿದ್ದಾಗ ಅಲ್ಲಿ ಅದೇ ಫ್ರೀಕ್ವೆನ್ಸಿ ಹಾಕಿ ಹೋಲಿಸಿ ನೋಡ್ತೀನಿ. ವೇಳಾಪಟ್ಟಿ ಹುಡುಕೋದಕ್ಕೂ ಇಂಟರ್ನೆಟ್ಟೇ ಬೇಕು. ವರದಿಯಲ್ಲಿ "ಎನ್‌ಸ್ಕೆಡೆಯ ರಿಸೀವರಿನಲ್ಲಿ ಕೇಳಿದೆ" ಅಂತ ಒಂದು ಸಾಲು ಬರೆದರೆ ನನ್ನ ತಕರಾರು ಅಲ್ಲಿಗೆ ಮುಗೀತು.

ಅಷ್ಟು ಯಾಕೆ ಹಟ ಅಂದ್ರೆ, ಆ ವರದಿ ಓದೋದು ಎಂಜಿನಿಯರು. ಬೆಂಗಳೂರಿನಲ್ಲಿ ಆಕಾಶವಾಣಿ 500 ಕಿಲೋವಾಟ್‌ನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಹಾಕಿತು. ಅಲ್ಲಿಂದ ಹೊರಟ ತರಂಗ ಮೇಲೆ ಹೋಗಿ ಯೂರೋಪಿನಲ್ಲಿ ಇಳಿದರೆ, ನಡುವಿನ ಎಷ್ಟೋ ಊರುಗಳಿಗೆ ಏನೂ ಸಿಗದೇ ಹೋಗಬಹುದು. ಎಲ್ಲಿ ಇಳೀತು, ಎಲ್ಲಿ ಹಾರಿಹೋಯ್ತು ಅಂತ ತಿಳಿಸೋದು ಆಯಾ ಊರಿನ ಕೇಳುಗರೇ. ಯೂರೋಪಿನಲ್ಲಿ ಕೇಳಿಸಿದ್ದಕ್ಕೆ ಶಿವಮೊಗ್ಗದ ಹೆಸರು ಹಾಕಿದರೆ ಆ ಲೆಕ್ಕವೇ ಕೆಟ್ಟುಹೋಗುತ್ತೆ.

ಇನ್ನೊಂದು ಕಾರಣ ನನ್ನನ್ನ ಹೆಚ್ಚು ಕಾಡೋದು. ಸ್ಟೇಷನ್‌ಗಳು ಒಂದೊಂದಾಗಿ ಶಾರ್ಟ್‌ವೇವ್ ಬಿಡ್ತಿವೆ. ರೇಡಿಯೋ ಆಸ್ಟ್ರೇಲಿಯಾದ ಶಾರ್ಟ್‌ವೇವ್ 2017ರ ಜನವರಿ 31ಕ್ಕೆ ನಿಂತಿತು. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ಮುಗೀತು. ಕೇಳೋರು ಕಡಿಮೆ ಆದ್ರು ಅನ್ನೋದೇ ಎಲ್ಲೆಡೆ ಕೇಳಿಬರೋ ಸಮಜಾಯಿಷಿ. ಆದರೆ 2022ರ ಮಾರ್ಚ್‌ನಲ್ಲಿ ಉಕ್ರೇನಿನ ಮೇಲೆ ಯುದ್ಧ ನಡೀತಿದ್ದಾಗ ಅದೇ ಬಿಬಿಸಿ ಆ ಭಾಗಕ್ಕೆ ದಿನಕ್ಕೆ 4 ಗಂಟೆ ಶಾರ್ಟ್‌ವೇವ್ ಸುದ್ದಿ ಶುರು ಮಾಡಿತು. ನಡುವೆ ಮೊಬೈಲ್ ಟವರು, ಕೇಬಲ್ಲು, ಸರ್ವರು ಯಾವುದೂ ಇಲ್ಲದೆ ಗಡಿ ದಾಟೋ ಶಕ್ತಿ ಇರೋದು ಇದಕ್ಕೇ. ಇಂಥ ಪ್ರಸಾರ ಉಳಿಸಿ ಅಂತ ಕೇಳೋಕೆ ನಮ್ಮ ಕೈಯಲ್ಲಿರೋ ಸಾಕ್ಷಿ ನಾವು ಕಳಿಸೋ ವರದಿ. ಅದರಲ್ಲಿ ಸುಳ್ಳು ಬೆರೆತರೆ ನಿಜವಾಗಿ ಕೇಳೋನ ಮಾತಿಗೂ ಬೆಲೆ ಉಳಿಯಲ್ಲ.

ಅಟ್ಟದ ಮೇಲೆ ಹಳೇ ಮೂರು ಬ್ಯಾಂಡಿನ ಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಒಂದಿಷ್ಟು ತಾಮ್ರದ ತಂತಿ ತಗೊಂಡು, ತುದಿಯ ಪಾಲಿಶ್ ಕೆರೆದು ಏರಿಯಲ್ಲಿಗೆ ಸುತ್ತಿ, ಇನ್ನೊಂದು ತುದಿಯನ್ನು ಪ್ಲಾಸ್ಟಿಕ್ ಹಗ್ಗದಿಂದ ತೆಂಗಿನ ಮರಕ್ಕೆ ಎಳೆದು ಕಟ್ಟಿ. ಕರೆಂಟಿನ ತಂತಿಯ ಹತ್ತಿರ ಮಾತ್ರ ಬೇಡ. ಕತ್ತಲಾದ ಮೇಲೆ 9400ರಿಂದ 9900 ಕಿಲೋಹರ್ಟ್ಸ್ ನಡುವೆ, ಅಂದ್ರೆ ಅದೇ 31 ಮೀಟರ್ ಬ್ಯಾಂಡಿನಲ್ಲಿ, ನಿಧಾನಕ್ಕೆ ತಿರುಗಿಸಿ. ಮೋಡ ಕಟ್ಟೋಕೆ ಶುರುವಾದ ಕೂಡಲೇ, ಗುಡುಗು ಬರೋ ಮೊದಲೇ, ಆ ತಂತಿ ಕಳಚಿ ಹೊರಗೆ ಹಾಕಿ; ಗುಡುಗು ಶುರುವಾದ ಮೇಲೆ ಅದನ್ನ ಮುಟ್ಟಬೇಡಿ.