ಲಾಂಚ್ ಮಜಾ ಹೋಯ್ತಂತೆ!

ಈಗಷ್ಟೇ ಒಂದು ರೀಲ್ಸ್ ನೋಡಿದೆ. ಶರಾವತಿ ಹಿನ್ನೀರಿನ ಮೇಲೆ ಸಂಜೆ ಬಿಸಿಲು, ಹಿನ್ನೆಲೆಗೆ ಅಳುವ ಪಿಟೀಲು, "ಸೇತುವೆ ಬಂದು ಸಿಗಂದೂರಿನ ಲಾಂಚ್ ಮಜಾನೇ ಹೋಯ್ತು" ಅಂತ ಗೋಳು. (ಲಾಂಚ್ ಅಂದರೆ ಜನ, ಗಾಡಿ ಹೊತ್ತು ಹೊಳೆ ದಾಟಿಸೋ ದೊಡ್ಡ ದೋಣಿ.) ಕೆಳಗೆ ಸಾಲುಸಾಲು ಕಣ್ಣೀರಿನ ಇಮೋಜಿ. ತಲೆ ಕೆಟ್ಟುಹೋಯ್ತು ಮಾರಾಯ್ರೆ.

ವರ್ಷಕ್ಕೊಂದ್ಸಲ ದೇವಿ ದರ್ಶನಕ್ಕೆ ಬಂದು, ಕಾರು ಲಾಂಚಿಗೆ ಹತ್ತಿಸಿ, ಗಾಳಿ ಕುಡಿದು ಹೋಗ್ತಿದ್ದ ನಿಮಗೆ ಅದು ಮಜಾ. ಹೊಳೆಯಾಚೆ ತುಮರಿ ಕಡೆಯ ನಮಗೆ? ಸಾಗರದಲ್ಲಿ ಕೆಲಸ ಮುಗೀಲಿ ಬಿಡಲಿ, ಕೊನೇ ಲಾಂಚ್ ಹಿಡಿಯೋಕೆ ಹೊಳೆಬಾಗಿಲಿನ ದಡಕ್ಕೆ ಓಡಬೇಕಿತ್ತು. ತಪ್ಪಿತೋ, ನೆಂಟರ ಮನೆ ಜಗಲಿಯೇ ಗತಿಯಾಗ್ತಿತ್ತು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಕಾಡುದಾರಿಯಲ್ಲಿ ಸುತ್ತು ಹಾಕಬೇಕಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡರೆ ಗಾಡಿ ಹತ್ತಿಸೋದಕ್ಕೂ ತಕರಾರಿತ್ತು. ಹಬ್ಬ, ರಜೆ ಬಂದರೆ ನಿಮ್ಮ ಕಾರುಗಳ ಸಾಲಿನ ಹಿಂದೆ ನಾವಿರ್ತಿದ್ವಿ!

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು. ಗದ್ದೆ, ತೋಟ, ಮನೆ, ದಾರಿ ಮುಳುಗಿದವು. ನಾಡಿಗೆ ಕರೆಂಟು ಸಿಕ್ತು, ನಮ್ಮ ಪಾಲಿಗೆ ಲಾಂಚು ಬಂತು. ಸೇತುವೆಗೆ ಶಂಕುಸ್ಥಾಪನೆ 2018ರಲ್ಲಿ. ಕೇಂದ್ರ ಸಚಿವ ಗಡ್ಕರಿಯವರು ಉದ್ಘಾಟಿಸಿದ್ದು 2025ರ ಜುಲೈ 14ಕ್ಕೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್ ಸೇತುವೆ, ಕಾದಿದ್ದು 61 ವರ್ಷ. (ಅಷ್ಟಾದ ಮೇಲೂ ಆಮಂತ್ರಣದ ವಿಷಯಕ್ಕೆ ರಾಜ್ಯ, ಕೇಂದ್ರ ಕಿತ್ತಾಡಿದವು, ಅದಿರಲಿ.)

ಹೊಳೆಯಾಚೆ ಹುಡುಗ ಅಂದರೆ ಹೆಣ್ಣು ಕೊಡೋರೂ ಹಿಂದೆಮುಂದೆ ನೋಡ್ತಿದ್ರು. ಜಾತಕ ಕೂಡಿದರೂ ಲಾಂಚ್ ಟೈಮ್ ಕೂಡಬೇಕಲ್ಲ! ನನಗೂ ಹಾಗೆ ತಪ್ಪಿಹೋದ ಸಂಬಂಧ ಒಂದಿದೆ. ಹೆಂಡತಿ ಇದನ್ನು ಓದ್ತಾಳೆ, ಹಾಗಾಗಿ ತಪ್ಪಿದ್ದೇ ಒಳ್ಳೇದಾಯ್ತು.

"ಆದರೂ ಲಾಂಚಿಗೆ ಒಂದು ಚಂದ ಇತ್ತು, ನಾಲ್ಕು ಜನ ಮಾತಾಡ್ತಿದ್ರು" ಅಂತ ಗೆಳೆಯರೊಬ್ಬರು ವಾದಿಸಿದರು. ಇತ್ತು, ಇಲ್ಲ ಅನ್ನಲ್ಲ. ಮಳೆಗಾಲದಲ್ಲಿ ನೀರು ತುಂಬಿದಾಗ ನಾನೂ ಸುಮ್ಮನೆ ಕಂಬಿ ಹಿಡಿದು ನಿಂತವನೇ. ಆದರೆ ಸ್ವಾಮಿ, ನಿಮ್ಮ ಬೆಂಗಳೂರಿನ ಮನೆಗೆ ಸಂಜೆ ಮೇಲೆ ದಾರಿ ಬಂದ್ ಮಾಡಿ, "ಎಷ್ಟು ಚಂದ, ಅಕ್ಕಪಕ್ಕದವರ ಹತ್ತಿರ ಮಾತಾಡಿ" ಅಂದರೆ ಒಪ್ತೀರಾ? ಅಂಥಾ ಚಂದ ಬೇಕಿದ್ದರೆ ಇದೇ ಹಿನ್ನೀರಿನ ದಡದ ಮುಪ್ಪಾನೆಗೆ ಹೋಗಿ. ಅಲ್ಲೂ ಲಾಂಚ್ ಇದೆ. ಅಲ್ಲಿಯವರು ಏನಂತಾರೆ ಅಂತಲೂ ಕೇಳ್ಕೊಂಡು ಬನ್ನಿ.

ಇನ್ನೊಂದು. ಲಾಂಚಿಗೆ ಅಳುವ ಇದೇ ಮಂದಿ ಈಗ ಸೇತುವೆ ನಟ್ಟನಡುವೆ ಕಾರು ನಿಲ್ಲಿಸಿ ಸೆಲ್ಫಿ ತಗೀತಾರೆ, ಹಿಂದೆ ಬಸ್ಸು ಹಾರ್ನ್ ಹೊಡೀತಾ ಇರುತ್ತೆ. ಕೇಬಲ್ ಜೊತೆ ಫೋಟೊ ಬೇಕಾದರೆ ಗಾಡಿ ದಡದಲ್ಲೇ ಬಿಟ್ಟು ನಡೆದು ಬನ್ನಿ. ಎರಡೂವರೆ ಕಿಲೋಮೀಟರೂ ಇಲ್ಲ.