ಡಿಸೆಂಬರ್ ಚಳಿಯಲ್ಲಿ ಫ್ಯಾನ್ ಹಾಕಿಸಿದ ನಿರ್ದೇಶಕ

ಕಳೆದ ಡಿಸೆಂಬರಿನ ಒಂದು ರಾತ್ರಿ. ಮೈಸೂರಿನ ಚಳಿ. ಕಿಟಕಿ ಎಲ್ಲ ಮುಚ್ಚಿ, ಶಾಲು ಹೊದ್ದು ಕೂತು, ಮಗಳಿಗೆ ಒಂದು ಕಪ್ಪು-ಬಿಳುಪು ಸಿನಿಮಾ ತೋರಿಸುತ್ತಿದ್ದೆ. ಅವಳು ಒಂಬತ್ತನೇ ಕ್ಲಾಸು. ಶುರುವಿನಲ್ಲೇ "ಕಲರ್ ಇಲ್ವಾ?" ಅಂತ ಮುಖ ಸಿಂಡರಿಸಿದಳು. ಮೊದಲ ಹತ್ತು ನಿಮಿಷ ಕೈ ಮೊಬೈಲ್ ಕಡೆಗೇ ಹೋಗುತ್ತಿತ್ತು. ಆಮೇಲೆ ಹೋಗಲಿಲ್ಲ. ಒಂದು ಗಂಟೆ ಕಳೆದಿರಬೇಕು, ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು: "ಅಪ್ಪಾ, ಒಂಚೂರು ಫ್ಯಾನ್ ಹಾಕು. ಉಸಿರು ಕಟ್ಟಿದ ಹಾಗೆ ಆಗ್ತಿದೆ."

ಎದ್ದು ಹೋಗಿ ಫ್ಯಾನ್ ಹಾಕಿದೆ. ಹಾಕುತ್ತಾ ಆ ಸಿನಿಮಾದ ನಿರ್ದೇಶಕ ಸಿಡ್ನಿ ಲುಮೆಟ್‌ಗೆ ಮನಸ್ಸಲ್ಲೇ ಕೈ ಮುಗಿದೆ.

ಸಿನಿಮಾ '12 ಆಂಗ್ರಿ ಮೆನ್'. 1957ರದ್ದು. ಒಂದು ಕೊಲೆ ಕೇಸು, ಹನ್ನೆರಡು ಜನ ಜ್ಯೂರಿ (ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸಬೇಕಾದ ಸಾಮಾನ್ಯ ಜನ), ಒಂದು ಕೋಣೆ. ಒಂದೂವರೆ ಗಂಟೆಯ ಸಿನಿಮಾದಲ್ಲಿ ಕೋಣೆಯ ಹೊರಗೆ ಕಳೆಯುವುದು ಮೂರ್ನಾಲ್ಕು ನಿಮಿಷ ಅಷ್ಟೇ. ನ್ಯೂಯಾರ್ಕಿನ ಬೇಸಿಗೆ, ಗೋಡೆಯ ಫ್ಯಾನ್ ಬೇರೆ ಕೆಲಸ ಮಾಡುತ್ತಿಲ್ಲ. ಇದು ಲುಮೆಟ್‌ನ ಮೊದಲ ಸಿನಿಮಾ. ಆಗ ಅವನಿಗೆ ಮೂವತ್ತೆರಡು ವರ್ಷ. (ಏಕವಚನ ಪ್ರೀತಿಗೆ, ಕ್ಷಮಿಸಿ. ಇಷ್ಟು ವರ್ಷ ಜೊತೆಗಿದ್ದವರಿಗೆ 'ಅವರು' ಅಂತ ಬರೆಯೋಕೆ ಕೈ ಬರಲ್ಲ.)

ಮಗಳಿಗೆ ಉಸಿರು ಕಟ್ಟಿದ್ದು ಸುಮ್ನೆ ಅಲ್ಲ. ಅದು ಲೆಕ್ಕ ಹಾಕಿ ಮಾಡಿದ ಕೆಲಸ. ಲುಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಸೇರಿ ಸಿನಿಮಾವನ್ನು ಮೂರು ಭಾಗ ಮಾಡಿಕೊಂಡರು. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ. ಎರಡನೆಯದರಲ್ಲಿ ಕಣ್ಣಿನ ಮಟ್ಟಕ್ಕೆ. ಕೊನೆಯ ಭಾಗದಲ್ಲಿ ಕೆಳಗೆ, ಮುಖಗಳನ್ನು ತಲೆ ಎತ್ತಿ ನೋಡುವ ಹಾಗೆ. ಹೀಗಾಗಿ ಅಲ್ಲಿಯವರೆಗೆ ಕಾಣದಿದ್ದ ಮೇಲ್ಛಾವಣಿ ಕಾಣತೊಡಗುತ್ತದೆ, ತಲೆ ಮೇಲೆ ಕೂತ ಹಾಗೆ. ಲೆನ್ಸೂ ಅಷ್ಟೆ. ಶುರುವಿಗೆ 28ರಿಂದ 40 ಎಂಎಂ. ಆಮೇಲೆ 50, 75, 100. ಲೆನ್ಸ್ ಉದ್ದ ಆದಷ್ಟೂ ಹಿಂದಿನ ಗೋಡೆ ಮುಂದಕ್ಕೆ ಬಂದು ಬೆನ್ನಿಗೆ ಅಂಟಿದ ಹಾಗೆ ಕಾಣುತ್ತದೆ. ಕೋಣೆ ಅದೇ, ಮೇಜು ಅದೇ, ಆದರೆ ಜಾಗ ಕಮ್ಮಿ ಆಗುತ್ತಾ ಹೋಗುತ್ತದೆ. ಕೊನೆಗೆ ಎಲ್ಲರೂ ಕೋರ್ಟಿನ ಮೆಟ್ಟಿಲಿಗೆ ಬಂದಾಗ ಮಾತ್ರ ಸಿನಿಮಾದಲ್ಲೇ ಅತಿ ಅಗಲಕ್ಕೆ ನೋಡುವ ಲೆನ್ಸು. ಮಳೆ ನಿಂತಿರುತ್ತದೆ. ನಮಗೂ ಉಸಿರು ಬರುತ್ತದೆ.

ಇದನ್ನೆಲ್ಲ ನಾನು ಕಂಡುಹಿಡಿದಿದ್ದಲ್ಲ. ಅವನೇ 1995ರಲ್ಲಿ 'ಮೇಕಿಂಗ್ ಮೂವೀಸ್' ಅಂತ ಒಂದು ಪುಸ್ತಕ ಬರೆದಿದ್ದಾನೆ, ಅದರಲ್ಲಿದೆ. ಸಿನಿಮಾ ಮಾಡುವುದರ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಇಷ್ಟು ಜಂಬ ಇಲ್ಲದ್ದು ಇನ್ನೊಂದಿಲ್ಲ. ಒಳ್ಳೆ ಅಡುಗೆ ಭಟ್ಟರು ಪಕ್ಕ ಕೂರಿಸಿಕೊಂಡು, ಎಷ್ಟು ಉಪ್ಪು, ಯಾವಾಗ ಒಗ್ಗರಣೆ ಅಂತ ಹೇಳಿಕೊಟ್ಟ ಹಾಗಿದೆ.

ಆ ಪುಸ್ತಕದ ಒಂದು ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ದುಡ್ಡು ಕಮ್ಮಿ, ದಿನ ಕಮ್ಮಿ. ಇಪ್ಪತ್ತು ದಿನದೊಳಗೆ ಚಿತ್ರೀಕರಣ ಮುಗಿಯಬೇಕು. ಪ್ರತಿ ಸಲ ಕ್ಯಾಮೆರಾ ತಿರುಗಿಸಿದಾಗಲೂ ಹೊಸದಾಗಿ ಲೈಟ್ ಜೋಡಿಸಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಹಾಗಾಗಿ ಒಂದು ಕುರ್ಚಿಗೆ ಲೈಟ್ ಮಾಡಿದರೆ, ಆ ಕುರ್ಚಿಯಲ್ಲಿ ಕೂತವನ ಮಾತೆಲ್ಲ ಒಟ್ಟಿಗೆ ಚಿತ್ರೀಕರಿಸಿ ಮುಂದಿನ ಕುರ್ಚಿಗೆ ಹೋಗುವುದು. ಇದರಿಂದ ಏನಾಯಿತು? ಹೆನ್ರಿ ಫೋಂಡಾ ಮತ್ತು ಲೀ ಜೆ ಕಾಬ್ ಮುಖಕ್ಕೆ ಮುಖ ಕೊಟ್ಟು ಜಗಳ ಆಡುತ್ತಾರಲ್ಲ, ಅದರಲ್ಲಿ ಒಬ್ಬನ ಶಾಟ್ ತೆಗೆದು ಏಳೆಂಟು ದಿನ ಆದ ಮೇಲೆ ಇನ್ನೊಬ್ಬನದ್ದು! ಬೈದದ್ದು ಈ ವಾರ, ಬೈಸಿಕೊಂಡದ್ದು ಮುಂದಿನ ವಾರ. ಇನ್ನೊಂದು ಸಲ ನೋಡಿ. ಒಂದು ಕೂದಲೆಳೆಯಷ್ಟೂ ಗೊತ್ತಾಗಲ್ಲ.

ಹೇಗೆ ಸಾಧ್ಯವಾಯಿತು ಅಂದರೆ, ಎರಡು ವಾರ ತಾಲೀಮು.

ನಾನು ಕಾಲೇಜಿನ ದಿನಗಳಲ್ಲಿ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಆಡುತ್ತಿದ್ದೆ. ಆಡುತ್ತಿದ್ದೆ ಅಂದರೆ, ಹೆಚ್ಚಾಗಿ ಕುರ್ಚಿ ಹೊರುತ್ತಿದ್ದೆ. ಒಂದು ನಾಟಕದಲ್ಲಿ ಮನೆಯಾಳಿನ ಪಾತ್ರ, ಎರಡೇ ಮಾತು. ಮಿಕ್ಕ ಅರ್ಧ ಗಂಟೆ ತಟ್ಟೆ ಹಿಡಿದು ನಿಲ್ಲುವುದು. ಪ್ರಾಥಮಿಕ ಶಾಲೆಯೊಂದರ ಹಾಲಿನಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಇದು ಬಾಗಿಲು, ಇದು ಮಂಚ ಅಂತ ತಾಲೀಮು ನಡೀತಿತ್ತು. ನಾಲ್ಕನೇ ದಿನ ನಿರ್ದೇಶಕರು ಬೈದರು: "ನಿನ್ನ ಮಾತು ಇಲ್ಲದಾಗ ಕಂಬದ ಹಾಗೆ ನಿಂತ್ಕೋಬೇಡ ಕಣೋ. ಅವರು ಮಾತಾಡೋದನ್ನ ಕೇಳಿಸ್ಕೋ. ಕೇಳಿಸ್ಕೊಳ್ಳೋದೇ ಆ್ಯಕ್ಟಿಂಗು." ಆಗ ಅರ್ಥ ಆಗಲಿಲ್ಲ, ಸಿಟ್ಟು ಬಂತು. ಲುಮೆಟ್ ಪುಸ್ತಕ ತೆರೆದರೆ ಮೊದಲೇ ಸಿಗುವುದು ಇಂಥದ್ದೇ ಒಂದು ತಾಲೀಮಿನ ಹಾಲು. ನ್ಯೂಯಾರ್ಕಿನ ಹಳೇ ಕಟ್ಟಡ, ನೆಲದ ಮೇಲೆ ಬಣ್ಣದ ಟೇಪು ಅಂಟಿಸಿ ಗೋಡೆ, ಬಾಗಿಲು ಗುರುತು ಮಾಡಿರುತ್ತಾರೆ. ದೊಡ್ಡ ದೊಡ್ಡ ತಾರೆಗಳೂ ಅಲ್ಲಿಗೆ ಬಂದು ಎರಡು ಮೂರು ವಾರ ಕೂತು ಓದಿ, ನಡೆದು, ಜಗಳ ಆಡಿ ಪಾತ್ರ ಹುಡುಕಿಕೊಳ್ಳಬೇಕು.

ಅದು ಅವನಿಗೆ ರಕ್ತದಲ್ಲೇ ಬಂದದ್ದು. ಅಪ್ಪ ಬಾರುಖ್ ಲುಮೆಟ್ ಯಿಡ್ಡಿಶ್ (ಯೂರೋಪಿನ ಯೆಹೂದಿಗಳ ಭಾಷೆ) ರಂಗಭೂಮಿಯ ನಟ, ಅಮ್ಮ ನರ್ತಕಿ. 1924ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಬಾಲನಟನಾಗಿ ಅಲ್ಲಿನ ದೊಡ್ಡ ರಂಗಮಂದಿರಗಳ ಬೀದಿ ಬ್ರಾಡ್‌ವೇ ಹತ್ತಿದವನು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಸೇರಿ ರೇಡಾರ್ ರಿಪೇರಿ ಕೆಲಸ. ಆ ಕೆಲಸದ ಮೇಲೆ ನಮ್ಮ ಭಾರತದಲ್ಲಿ, ಬರ್ಮಾದಲ್ಲಿ ಇದ್ದ. ಆಮೇಲೆ ಸಿಬಿಎಸ್ ಟಿವಿಯಲ್ಲಿ ನೇರಪ್ರಸಾರದ ನಾಟಕಗಳು. ರೀಟೇಕ್ ಇಲ್ಲ, ತಪ್ಪಿದರೆ ದೇಶವೆಲ್ಲ ನೋಡುತ್ತದೆ. ಅಲ್ಲಿ ಪಳಗಿದವನಿಗೆ ಇಪ್ಪತ್ತು ದಿನ ಯಾವ ಲೆಕ್ಕ?

ಅಂದಹಾಗೆ '12 ಆಂಗ್ರಿ ಮೆನ್' ಬಿಡುಗಡೆಯಾದಾಗ ಅಷ್ಟೇನೂ ಓಡಲಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಬಂತು, ದುಡ್ಡು ಬರಲಿಲ್ಲ. ಆದರೆ ಕಥೆ ಎಲ್ಲೆಲ್ಲಿಗೋ ಹೋಯಿತು. ಹಿಂದಿಯಲ್ಲಿ ಬಾಸು ಚಟರ್ಜಿ 1986ರಲ್ಲಿ 'ಏಕ್ ರುಕಾ ಹುವಾ ಫೈಸ್ಲಾ' ಮಾಡಿದರು. ಕನ್ನಡದಲ್ಲಿ 2012ರಲ್ಲಿ ರವಿಚಂದ್ರನ್, ಅನಂತನಾಗ್ ಇದ್ದ 'ದಶಮುಖ' ಬಂತು. ನಮ್ಮ ದೇಶದಲ್ಲಿ ಜ್ಯೂರಿ ಪದ್ಧತಿ ಹೋಗಿ ಎಷ್ಟೋ ಕಾಲವಾಗಿದೆ. ಆದರೂ ನಮಗೆ ಈ ಕಥೆ ಬೇಕು. ಮನೆಗೆ ಬೇಗ ಹೋಗಬೇಕು ಅಂತ ಒಬ್ಬ ಹುಡುಗನನ್ನು ನೇಣಿಗೆ ಹಾಕಲು ಕೈ ಎತ್ತುವ ಜನ ಎಲ್ಲಾ ಊರಲ್ಲೂ ಇದ್ದಾರಲ್ವಾ.

ಲುಮೆಟ್ ಬಗ್ಗೆ ಒಂದು ಹಳೇ ದೂರಿದೆ: ಅವನಿಗೆ ತನ್ನದೇ ಶೈಲಿ ಇಲ್ಲ ಅಂತ. ಹಿಚ್‌ಕಾಕ್ ಸಿನಿಮಾ ಎರಡು ಶಾಟ್ ನೋಡಿದರೆ ಹೇಳಬಹುದು. ಸ್ಕಾರ್ಸೆಸಿಯದ್ದೂ ಹೇಳಬಹುದು. ಲುಮೆಟ್‌ನದ್ದು? 'ಸರ್ಪಿಕೊ', 'ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್', 'ನೆಟ್‌ವರ್ಕ್' ಮೂರೂ ಒಬ್ಬನೇ ಮಾಡಿದ್ದು, ಅದೂ 1973ರಿಂದ 76ರ ಒಳಗೆ, ಅಂದರೆ ನಂಬೋಕೆ ಕಷ್ಟ. ಅವನ ಉತ್ತರ ಸರಳ. ಕಥೆಗೊಂದು ಶೈಲಿ, ಅದು ಕಣ್ಣಿಗೆ ಕಾಣಬಾರದು, ತಾಗಬೇಕು. ನಾನು ಅವನ ಪಕ್ಷ. ಫ್ಯಾನ್ ಹಾಕು ಅಂದವಳಿಗೆ ಲೆನ್ಸ್ ಕಂಡಿರಲಿಲ್ಲ, ಸೆಕೆ ತಾಗಿತ್ತು.

ನನಗೆ ಮಾತ್ರ ಅವನ ಗುರುತು ಒಂದು ಸಿಗುತ್ತದೆ. ಮಾತಾಡುವವನಿಗಿಂತ ಕೇಳಿಸಿಕೊಳ್ಳುವವನ ಮುಖವನ್ನು ಜಾಸ್ತಿ ಹೊತ್ತು ನೋಡಬೇಕು ಅನ್ನಿಸುವಂತೆ ಮಾಡುತ್ತಾನೆ. 'ಡಾಗ್ ಡೇ ಆಫ್ಟರ್‌ನೂನ್' ತಗೊಳ್ಳಿ. 1972ರಲ್ಲಿ ಬ್ರೂಕ್ಲಿನ್‌ನಲ್ಲಿ ನಿಜವಾಗಿ ನಡೆದ ಬ್ಯಾಂಕ್ ದರೋಡೆ. ಶುರುವಿನ ಹಾಡು ಬಿಟ್ಟರೆ ಹಿನ್ನೆಲೆ ಸಂಗೀತವೇ ಇಲ್ಲ. ಬ್ಯಾಂಕಿನೊಳಗೆ ಸಿಕ್ಕಿಬಿದ್ದ ದರೋಡೆಕೋರ ಅಲ್ ಪಚಿನೊ ಫೋನಿನಲ್ಲಿ ಮೊದಲು ತನ್ನ ಪ್ರಿಯಕರನ ಹತ್ತಿರ, ಆಮೇಲೆ ಹೆಂಡತಿಯ ಹತ್ತಿರ ಮಾತಾಡುತ್ತಾನೆ. ಎರಡೂ ಸೇರಿದರೆ ಕ್ಯಾಮೆರಾದ ಒಂದು ರೀಲಿಗಿಂತ ಉದ್ದ. ಲುಮೆಟ್ ಎರಡು ಕ್ಯಾಮೆರಾ ಇಟ್ಟ, ಮೊದಲನೆಯದರ ರೀಲು ಮುಗಿಯುವಾಗ ಎರಡನೆಯದು ಓಡಲಿ ಅಂತ. ಟೇಕ್ ಮುಗಿಯಿತು, ಚೆನ್ನಾಗಿ ಬಂತು. ಪಚಿನೊ ಸುಸ್ತಾಗಿದ್ದ. ಲುಮೆಟ್ ಅಲ್ಲೇ, ಉಸಿರು ತಗೊಳ್ಳೋಕೂ ಬಿಡದೆ, ಮತ್ತೆ ಮೊದಲಿಂದ ಶುರು ಮಾಡಿಸಿದ. ಎರಡನೇ ಸಲ ಪಚಿನೊಗೆ ತಾನೆಲ್ಲಿದ್ದೀನಿ ಅನ್ನೋದೇ ಮರೆತು ಹೋದಂತಿತ್ತು. ಸಿನಿಮಾದಲ್ಲಿ ಇರುವುದು ಆ ಎರಡನೇ ಟೇಕು. ಕ್ರೂರಿ ಅನ್ನಬಹುದು. ಆದರೆ ಆ ಕಣ್ಣು ನೋಡಿ, ಆಮೇಲೆ ಹೇಳಿ.

ಇನ್ನೊಂದು, ಮಾತೇ ಇಲ್ಲದ್ದು. 'ದಿ ವರ್ಡಿಕ್ಟ್', 1982. ಪಾಲ್ ನ್ಯೂಮನ್ ಕುಡಿದು ಹಾಳಾದ ವಕೀಲ. ತಪ್ಪು ಅರಿವಳಿಕೆಯಿಂದ ಕೋಮಾಕ್ಕೆ ಹೋದ ಹೆಂಗಸಿನ ಕೇಸು. ರಾಜಿ ಮಾಡಿಸಿ ತನ್ನ ಪಾಲು ಎಣಿಸಿಕೊಂಡು ಹೋಗಬೇಕು, ಅಷ್ಟೇ ಅವನ ಲೆಕ್ಕ. ಆಸ್ಪತ್ರೆಗೆ ಹೋಗಿ ಪೋಲರಾಯ್ಡ್ ಕ್ಯಾಮೆರಾದಲ್ಲಿ ಅವಳ ಫೋಟೋ ತೆಗೆದು, ಹಾಸಿಗೆ ಮೇಲೆ ಇಡುತ್ತಾನೆ. ಬಿಳೀ ಕಾಗದ. ನಿಧಾನಕ್ಕೆ ಅದರಲ್ಲಿ ಮುಖ ಮೂಡುತ್ತದೆ. ಅವನು ನೋಡುತ್ತಾ ನಿಲ್ಲುತ್ತಾನೆ. ಫೋಟೋ ಮೂಡಿದ ಹಾಗೇ ಅವನೊಳಗೆ ಆ ಹೆಂಗಸು ಒಬ್ಬಳು ಮನುಷ್ಯಳಾಗುತ್ತಾಳೆ. ನಮ್ಮ ಸಿನಿಮಾ ಆಗಿದ್ದರೆ ಇಲ್ಲಿಗೆ ಒಂದು ಪಿಟೀಲು, ಒಂದು ಫ್ಲ್ಯಾಶ್‌ಬ್ಯಾಕು ಗ್ಯಾರಂಟಿ.

ಫ್ಲ್ಯಾಶ್‌ಬ್ಯಾಕ್ ಅಂದ ತಕ್ಷಣ ನೆನಪಾಯಿತು. ಬರಹಗಾರ ಪ್ಯಾಡಿ ಚಯೆಫ್‌ಸ್ಕಿ ಮತ್ತು ಲುಮೆಟ್ ಒಂದು ತಮಾಷೆಯ ಹೆಸರು ಇಟ್ಟಿದ್ದರು: ರಬ್ಬರ್ ಬಾತುಕೋಳಿ. ಅಂದರೆ, ಚಿಕ್ಕಂದಿನಲ್ಲಿ ಯಾರೋ ಇವನ ರಬ್ಬರ್ ಬಾತುಕೋಳಿ ಕಿತ್ತುಕೊಂಡರು, ಅದಕ್ಕೇ ಇವನು ಕೊಲೆಗಾರನಾದ ಅನ್ನುವ ಥರದ ವಿವರಣೆ. ಪಾತ್ರ ಯಾಕೆ ಹೀಗೆ ಅನ್ನುವುದು ಅವನ ನಡತೆಯಲ್ಲೇ ಗೊತ್ತಾಗಬೇಕು, ಬಾಯಿಬಿಟ್ಟು ಹೇಳಿಸಬಾರದು ಅನ್ನುವುದು ಇಬ್ಬರ ವಾದ. ಈಗಿನ ವಿಲನ್‌ಗಳ ಬಾಲ್ಯದ ಸೀನು ಬಂದಾಗೆಲ್ಲ ನಾನು "ಬಂತು ನೋಡು ಬಾತುಕೋಳಿ" ಅನ್ನುತ್ತೇನೆ. ಮನೇಲಿ ಎಲ್ಲರಿಗೂ ರೂಢಿಯಾಗಿದೆ.

ಆ ಚಯೆಫ್‌ಸ್ಕಿ ಬರೆದದ್ದೇ 'ನೆಟ್‌ವರ್ಕ್'. ಇದು ಯಾರೂ ಯಾರನ್ನೂ ಕೇಳಿಸಿಕೊಳ್ಳದ ಸಿನಿಮಾ. ರೇಟಿಂಗ್ ಬಿದ್ದು ಕೆಲಸ ಕಳಕೊಂಡ ವಾರ್ತಾವಾಚಕ ನೇರಪ್ರಸಾರದಲ್ಲೇ ಹುಚ್ಚನಂತೆ ಕೂಗಾಡುತ್ತಾನೆ. ಅವನಿಗೆ ಚಿಕಿತ್ಸೆ ಕೊಡಿಸುವ ಬದಲು ಚಾನೆಲ್ಲಿನವರು ಅವನದೇ ಒಂದು ಶೋ ಮಾಡುತ್ತಾರೆ. ಆ ಸುದ್ದಿ ಕಾರ್ಯಕ್ರಮದಲ್ಲಿ ನಾಳಿನ ಸುದ್ದಿ ಇವತ್ತೇ ಹೇಳುವ ಭವಿಷ್ಯಗಾರ್ತಿಯೂ ಇರುತ್ತಾಳೆ! 1976ರಲ್ಲಿ ಅಮೆರಿಕದಲ್ಲಿ ಜನ ಇದನ್ನು ಅತಿರೇಕದ ವಿಡಂಬನೆ ಅಂತ ನೋಡಿ ನಕ್ಕರು. ನಾವು ಬೆಳಗ್ಗೆ ಕಾಫಿ ಕುಡಿಯುತ್ತಾ ಸುದ್ದಿ ಚಾನೆಲ್ ಹಾಕಿದರೆ ಎದುರಿಗೆ ಪಂಚಾಂಗ ಹಿಡಿದು ಕೂತಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಮಿಕ್ಕ ಕೂಗಾಟ. ಲುಮೆಟ್ ಇಲ್ಲೂ ಒಂದು ಆಟ ಆಡಿದ್ದಾನೆ. ಶುರುವಿನಲ್ಲಿ ಬೆಳಕು ಸಹಜವಾಗಿದೆ. ಹೋಗ್ತಾ ಹೋಗ್ತಾ ಅದೂ ಕೆಡುತ್ತಾ, ಕೊನೆಗೆ ಜಾಹೀರಾತಿನ ಥರ ಫಳಫಳ ಅನ್ನುತ್ತದೆ. ಸಿನಿಮಾಕ್ಕೆ ನಾಲ್ಕು ಆಸ್ಕರ್ ಬಂತು, ಮೂರು ನಟನೆಗೆ, ಒಂದು ಬರವಣಿಗೆಗೆ. ವಾರ್ತಾವಾಚಕನಾಗಿ ನಟಿಸಿದ ಪೀಟರ್ ಫಿಂಚ್‌ಗೆ ಸತ್ತ ಮೇಲೆ ಬಂತು. ನಿರ್ದೇಶಕನಿಗೆ ಬರಲಿಲ್ಲ.

ಅವನಿಗೆ ಬರಲೇ ಇಲ್ಲ. ನಿರ್ದೇಶನಕ್ಕೆ ನಾಲ್ಕು ಸಲ ನಾಮನಿರ್ದೇಶನ, ನಾಲ್ಕು ಸಲವೂ ಬೇರೆಯವರಿಗೆ. ಕೊನೆಗೆ 2005ರಲ್ಲಿ ಗೌರವ ಆಸ್ಕರ್ ಕೊಟ್ಟರು. ಎಲ್ಲರೂ ಊಟ ಮಾಡಿ ಎದ್ದ ಮೇಲೆ ಬಡಿಸಿದವನಿಗೆ ಎಲೆ ಹಾಕಿದ ಹಾಗೆ.

ಎಲ್ಲವೂ ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ. ಐವತ್ತು ವರ್ಷದಲ್ಲಿ 40ಕ್ಕೂ ಜಾಸ್ತಿ ಸಿನಿಮಾ ಮಾಡಿದವನು. ಕೆಲವನ್ನು ಯಾಕೆ ಮಾಡಿದ ಅಂತ ದೇವರಿಗೇ ಗೊತ್ತು. ಮೈಕಲ್ ಜಾಕ್ಸನ್, ಡಯಾನಾ ರಾಸ್ ಇದ್ದ 'ದಿ ವಿಜ್' ಭಾರೀ ದುಡ್ಡು ಸುರಿದು ಮಾಡಿದ ಸಂಗೀತ ಚಿತ್ರ, ಮಕಾಡೆ ಮಲಗಿತು. ನಾನೂ ಎರಡು ಸಲ ಶುರು ಮಾಡಿ ಎರಡು ಸಲವೂ ನಿದ್ದೆ ಹೋದೆ. ತೊಂಬತ್ತರ ದಶಕದ ಕೆಲವು ಹೆಸರುಗಳನ್ನು ಇಲ್ಲಿ ಬರೆಯದೇ ಇರುವುದೇ ಮರ್ಯಾದೆ. ಆದರೆ ಸೋತ ಮಾರನೇ ದಿನ ಮತ್ತೆ ಟೇಪು ಹಿಡಿದು ತಾಲೀಮಿನ ಹಾಲಿಗೆ ಹೋಗುತ್ತಿದ್ದ, ಅದು ನನಗೆ ಇಷ್ಟ. 2007ರಲ್ಲಿ, 83ನೇ ವಯಸ್ಸಿನಲ್ಲಿ, ಡಿಜಿಟಲ್ ಕ್ಯಾಮೆರಾ ಹಿಡಿದು 'ಬಿಫೋರ್ ದ ಡೆವಿಲ್ ನೋಸ್ ಯೂ ಆರ್ ಡೆಡ್' ಮಾಡಿದ. ಸ್ವಂತ ಅಪ್ಪ ಅಮ್ಮನ ಒಡವೆ ಅಂಗಡಿಯನ್ನೇ ದೋಚಲು ಹೊರಡುವ ಇಬ್ಬರು ಅಣ್ಣತಮ್ಮಂದಿರು. ಮೂಲ ಚಿತ್ರಕಥೆಯಲ್ಲಿ ಅವರು ಬರೀ ಗೆಳೆಯರಾಗಿದ್ದರು. ಅಣ್ಣತಮ್ಮ ಮಾಡಿದ್ದು ಲುಮೆಟ್. ಆ ಒಂದು ಬದಲಾವಣೆಗೆ ಇಡೀ ಕಥೆ ಕರುಳಿಗೆ ಬಂತು. ಅದೇ ಕೊನೆಯ ಸಿನಿಮಾ. 2011ರ ಏಪ್ರಿಲ್‌ನಲ್ಲಿ ಹೋದ.

ನನ್ನ ಅಚ್ಚುಮೆಚ್ಚು ಕೇಳಿದರೆ ಹೆಚ್ಚು ಜನ ನೋಡದ 'ರನ್ನಿಂಗ್ ಆನ್ ಎಂಪ್ಟಿ', 1988. ವಿಯೆಟ್ನಾಂ ಯುದ್ಧ ವಿರೋಧಿಸಿ ಬಾಂಬ್ ಇಟ್ಟು, ವರ್ಷಗಟ್ಟಲೆ ಹೆಸರು ಬದಲಿಸಿ ಊರೂರು ಓಡುವ ಗಂಡ ಹೆಂಡತಿ. ಮಗ ಪಿಯಾನೊದಲ್ಲಿ ಜಾಣ. ಅವನು ಓದಬೇಕು ಅಂದರೆ ಇವರನ್ನು ಬಿಟ್ಟು ಹೋಗಬೇಕು. ತಾಯಿ, ಎಷ್ಟೋ ವರ್ಷ ಮುಖ ನೋಡದ ತನ್ನ ಅಪ್ಪನನ್ನು ಒಂದು ಹೋಟೆಲಿನಲ್ಲಿ ಭೇಟಿಯಾಗಿ, ನನ್ನ ಮಗನನ್ನು ನೀವು ನೋಡಿಕೊಳ್ಳಿ ಅಂತ ಕೇಳುತ್ತಾಳೆ. ಯಾವ ಮಗಳು ಇವರ ಬದುಕನ್ನೆಲ್ಲ ಧಿಕ್ಕರಿಸಿ ಹೊರಟು ಹೋಗಿದ್ದಳೋ ಅವಳು. ಅಪ್ಪನ ಪಾತ್ರ ಸ್ಟೀವನ್ ಹಿಲ್‌ದು. ಸೆಟೆದು ಕೂತು, ಹಳೇ ಸಿಟ್ಟೆಲ್ಲ ಹಲ್ಲಲ್ಲಿ ಹಿಡಿದು ಕೇಳಿಸಿಕೊಳ್ಳುತ್ತಾನೆ. ಅವಳು ಎದ್ದು ಹೋಗುವವರೆಗೂ ತಡೆದುಕೊಳ್ಳುತ್ತಾನೆ. ಆಮೇಲೆ ಒಬ್ಬನೇ ಕೂತು ಅಳುತ್ತಾನೆ. ಮಗಳು ಹುಟ್ಟಿದ ಮೇಲೆ ಈ ಸೀನನ್ನು ನಾನು ಒಬ್ಬನೇ ಇದ್ದಾಗ ಮಾತ್ರ ನೋಡುವುದು.

ಫ್ಯಾನ್ ಹಾಕಿಸಿಕೊಂಡವಳು ಈಗ ಇನ್ನೊಂದು ಲುಮೆಟ್ ಹಾಕು ಅಂತ ಹಿಂದೆ ಬಿದ್ದಿದ್ದಾಳೆ. 'ಡಾಗ್ ಡೇ'ಗೆ ಇನ್ನೂ ಸ್ವಲ್ಪ ವಯಸ್ಸಾಗಲಿ. ಈ ಭಾನುವಾರ 'ಓರಿಯೆಂಟ್ ಎಕ್ಸ್‌ಪ್ರೆಸ್', 1974ರದ್ದು. ಅದರಲ್ಲಿ ಇಂಗ್ರಿಡ್ ಬರ್ಗ್‌ಮನ್ ಕಟ್ ಇಲ್ಲದೆ ನಾಲ್ಕೈದು ನಿಮಿಷ ತಡವರಿಸಿಕೊಂಡು ಮಾತಾಡುವ ಒಂದೇ ಶಾಟ್ ಇದೆ, ಆಸ್ಕರ್ ತಂದುಕೊಟ್ಟದ್ದು. ಅದನ್ನು ತೋರಿಸಬೇಕು ಅಂತ ನನ್ನ ಆಸೆ. ಅವಳಿಗೆ ಕೊಲೆ ಮಾಡಿದ್ದು ಯಾರು ಅಂತ ಗೊತ್ತಾದರೆ ಸಾಕು. ಸಿನಿಮಾದ ಮೂಲ ಕಾದಂಬರಿ ಅವಳು ಇನ್ನೂ ಓದಿಲ್ಲ. ಹಾಗಾಗಿ ದಯವಿಟ್ಟು ಯಾರೂ ಉತ್ತರವನ್ನು ಕೆಳಗೆ ಬರೆಯಬೇಡಿ. ಅಮ್ಮನ ಫೋನಿಂದ ನನ್ನ ಪೋಸ್ಟ್ ಎಲ್ಲಾ ಓದ್ತಾಳೆ ಅವಳು.